ಐದು ಲಕ್ಷ ಮೈಲಿಯ ವಾರಂಟಿ ಯಾರ ಕೈಗೆ ಸಿಕ್ಕೀತು?

ಕಳೆದ ದೀಪಾವಳಿಯ ಮರುದಿನ ಒಹಾಯೊದಿಂದ ಅಣ್ಣನ ಮಗ ಫೋನ್ ಮಾಡಿದ. ಅಲ್ಲಿ ಎಂ.ಎಸ್. ಓದುತ್ತಿದ್ದಾನೆ. ಇಬ್ಬರ ಕೈ ದಾಟಿ ಬಂದ ಕ್ಯಾಮ್ರಿಯೊಂದನ್ನು ಕೊಂಡಿದ್ದ, 1,12,000 ಮೈಲಿ ಓಡಿದ ಗಾಡಿ. ಎಂಜಿನ್ ಆಯಿಲ್ ತರಲು ಅಂಗಡಿಗೆ ಹೋದವನು ಡಬ್ಬಿಗಳ ಸಾಲಿನ ಮುಂದೆ ನಿಂತು ಕೇಳಿದ: "ಚಿಕ್ಕಪ್ಪಾ, ಈ ಆಯಿಲ್ ಹಾಕಿದ್ರೆ ಎಂಜಿನ್‌ಗೆ ಐದು ಲಕ್ಷ ಮೈಲಿ ವಾರಂಟಿ ಅಂತೆ. ಆರು ಡಾಲರ್ ಜಾಸ್ತಿ. ನಿಜವಾಗ್ಲೂ ಕೊಡ್ತಾರಾ?"

ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಫೋನ್ ಇಡಲು ಮನಸ್ಸಾಗಲಿಲ್ಲ. ಅಮೆರಿಕದಲ್ಲಿದ್ದ 11 ವರ್ಷಗಳಲ್ಲಿ ನಾನೂ ಇಂಥದೊಂದು ವಾರಂಟಿಗೆ ಹೆಸರು ಬರೆಸಿದ್ದೆ, ಕ್ಲೇಮನ್ನೂ ಹಾಕಿದ್ದೆ. ಆ ಅನುಭವವನ್ನೂ, ಆಮೇಲೆ ಓದಿ ತಿಳಿದುಕೊಂಡದ್ದನ್ನೂ ಒಟ್ಟಿಗೆ ಇಟ್ಟು ನೋಡುವ ಪ್ರಯತ್ನ ಇದು.

ಮೊದಲು ಈ ಭರವಸೆಗಳಲ್ಲಿರುವ ಬಗೆಗಳನ್ನು ಬಿಡಿಸಿಕೊಳ್ಳಬೇಕು. ಡಬ್ಬಿಯ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ, ಒಳಗೆ ಬೇರೆ ಬೇರೆ. ಮೊಬಿಲ್ 1 ತನ್ನ ಎಕ್ಸ್‌ಟೆಂಡೆಡ್ ಪರ್ಫಾರ್ಮೆನ್ಸ್ ಆಯಿಲಿಗೆ 20,000 ಮೈಲಿ ಅಥವಾ ಒಂದು ವರ್ಷದ ಗ್ಯಾರಂಟಿ ಕೊಡುತ್ತದೆ. ಅದು ಎಂಜಿನ್ನಿನ ಆಯಸ್ಸಿನ ಮಾತಲ್ಲ. ಒಂದು ಸಲ ಹಾಕಿದ ಆಯಿಲ್ ಎಷ್ಟು ದೂರ ಕೆಲಸ ಮಾಡುತ್ತದೆ ಎಂಬ ಮಾತು. ಪೆನ್‌ಜೋಯಿಲ್ ಪ್ಲಾಟಿನಂನದು ಇನ್ನೊಂದು ಬಗೆ: ಹೆಸರು ಬರೆಸಿದ ಗಾಡಿಗೆ 15 ವರ್ಷ ಅಥವಾ 5,00,000 ಮೈಲಿ, ಯಾವುದು ಮೊದಲೋ ಅಲ್ಲಿಯವರೆಗೆ, ಎಂಜಿನ್ನಿನಲ್ಲಿ ಆಯಿಲ್ ಹರಿಯುವ ಭಾಗಗಳಿಗೆ ಸೀಮಿತ ವಾರಂಟಿ. ವ್ಯಾಲ್ವೊಲಿನ್ 3,00,000 ಮೈಲಿಯ ಎಂಜಿನ್ ಗ್ಯಾರಂಟಿಯನ್ನು ಪ್ರಚಾರ ಮಾಡಿತ್ತು. ಮೂರನೆಯದು ಬಹುಮಾನದ ಬಗೆ. ಡಬ್ಬಿ ಕೊಂಡರೆ ಪಾಯಿಂಟ್, ರಸೀದಿ ಕಳಿಸಿದರೆ ಹತ್ತಿಪ್ಪತ್ತು ಡಾಲರ್ ವಾಪಸು. ಶೆಲ್ ರೊಟೆಲ್ಲಾ ಲಾರಿ ಚಾಲಕರಿಗಾಗಿ ನಡೆಸಿದ ಪಾಯಿಂಟ್ ಯೋಜನೆ ಈ ಜಾತಿಯದು.

ಕೊನೆಯದನ್ನು ಬೇಗ ಮುಗಿಸಿಬಿಡೋಣ. ಸಣ್ಣ ಮೊತ್ತದ ರಿಬೇಟು, ಪಾಯಿಂಟುಗಳು ಸಿಗುತ್ತವೆ. ಅರ್ಜಿ ಸರಿಯಾಗಿ ತುಂಬಿ, ಗಡುವಿನೊಳಗೆ ಕಳಿಸಿದರೆ ಐದಾರು ವಾರದಲ್ಲಿ ಕಾರ್ಡ್ ಮನೆಗೆ ಬರುತ್ತದೆ. ನನಗೇ ಮೂರು ಸಲ ಬಂದಿದೆ. ಅನೇಕರು ಕಳಿಸಲು ಮರೆಯುತ್ತಾರೆ, ಕಂಪನಿಯ ಲೆಕ್ಕದಲ್ಲಿ ಆ ಮರೆವೂ ಸೇರಿರುತ್ತದೆ, ಅಷ್ಟೆ. ತೊಡಕು ಇರುವುದು ದೊಡ್ಡ ಮಾತಿನಲ್ಲಿ.

ಆ ಐದು ಲಕ್ಷ ಮೈಲಿಯನ್ನು ಕಾಗದದ ಮೇಲೆ ಹಾಕಿ ನೋಡಿ. ಅಮೆರಿಕದ ಸಾಧಾರಣ ಚಾಲಕ ವರ್ಷಕ್ಕೆ ಸುಮಾರು 13,500 ಮೈಲಿ ಓಡಿಸುತ್ತಾನೆ. 15 ವರ್ಷ ಮುಗಿಯುವಾಗ ಅವನ ಗಾಡಿ ಓಡಿರುವುದು ಎರಡು ಲಕ್ಷ ಮೈಲಿ. ಅಲ್ಲಿಗೆ ವಾರಂಟಿಯ ಅವಧಿ ಮುಗಿಯಿತು. ಉಳಿದ ಮೂರು ಲಕ್ಷ ಡಬ್ಬಿಯ ಮೇಲಷ್ಟೇ ಉಳಿಯಿತು. 15 ವರ್ಷದಲ್ಲಿ ಐದು ಲಕ್ಷ ಮುಟ್ಟಬೇಕಾದರೆ ಭಾನುವಾರ, ಹಬ್ಬ ಹರಿದಿನ ಯಾವುದೂ ಇಲ್ಲದೆ ದಿನಕ್ಕೆ 91 ಮೈಲಿ, ಅಂದರೆ ಹತ್ತಿರ ಹತ್ತಿರ 147 ಕಿಲೋಮೀಟರ್ ಓಡಿಸಬೇಕು. ಬೆಂಗಳೂರಿನಿಂದ ಹೊರಟು ಮೈಸೂರು ತಲುಪಿದಷ್ಟು, ದಿನವೂ. ಹಾಗೆ ಓಡಿಸುವವರು ಯಾರು? ಟ್ಯಾಕ್ಸಿಯವರು, ಪಾರ್ಸೆಲ್ ಹಂಚುವವರು. ಬಾಡಿಗೆ ಮತ್ತು ವ್ಯಾಪಾರದ ಬಳಕೆಯನ್ನು ಇಂಥ ವಾರಂಟಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ.

ಹೆಸರು ಬರೆಸುವ ಕಾಲವೂ ಅಷ್ಟೇ ಮುಖ್ಯ. ಗಾಡಿ ಇನ್ನೂ ಹೊಸದಿರುವಾಗ, ಓಡೋಮೀಟರ್ ಒಂದು ಮಿತಿ ದಾಟುವ ಮೊದಲು ನೋಂದಾಯಿಸಬೇಕು ಎಂಬುದು ಇಂಥ ಯೋಜನೆಗಳ ಸಾಮಾನ್ಯ ಷರತ್ತು. ಆದರೆ ಎಂಜಿನ್ ಬಗ್ಗೆ ಭಯ ಹುಟ್ಟುವುದು ಗಾಡಿ ಹಳೆಯದಾದ ಮೇಲೆ. 2000ರಲ್ಲಿ ವ್ಯಾಲ್ವೊಲಿನ್ ಮ್ಯಾಕ್ಸ್‌ಲೈಫ್ ಎಂಬ ಆಯಿಲ್ ತಂದು, 75,000 ಮೈಲಿ ದಾಟಿದ ಗಾಡಿಗಳಿಗೆಂದೇ ಪ್ರತ್ಯೇಕ ಮಾರುಕಟ್ಟೆ ತೆರೆಯಿತು. ಒಣಗಿ ಗಟ್ಟಿಯಾದ ರಬ್ಬರ್ ಸೀಲುಗಳನ್ನು ಮೆದುಗೊಳಿಸುವ ರಾಸಾಯನಿಕ ಅದರಲ್ಲಿತ್ತು. ಹೈ ಮೈಲೇಜ್ ಎಂದು ಬರೆದ ಡಬ್ಬಿ ಇವತ್ತು ಪ್ರತಿ ಕಂಪನಿಯದೂ ಇದೆ. ಅದನ್ನು ಕೊಳ್ಳುವವನ ಗಾಡಿ ನೋಂದಣಿಯ ಗೆರೆಯನ್ನು ಎಷ್ಟೋ ಸಲ ದಾಟಿಯೇ ಬಂದಿರುತ್ತದೆ. ಅಣ್ಣನ ಮಗನ ಕ್ಯಾಮ್ರಿಯ ಸ್ಥಿತಿಯೂ ಅದೇ.

ಇನ್ನು ರಸೀದಿಗಳ ವಿಚಾರ. ಮೂರು ಲಕ್ಷ ಮೈಲಿ, ನಾಲ್ಕು ಸಾವಿರ ಮೈಲಿಗೊಂದು ಆಯಿಲ್ ಚೇಂಜ್ ಎಂದುಕೊಂಡರೆ 75 ಬಿಲ್ಲುಗಳಾದವು. ಪ್ರತಿಯೊಂದರಲ್ಲೂ ದಿನಾಂಕ, ಓಡೋಮೀಟರ್ ಅಂಕಿ, ಆಯಿಲಿನ ಬ್ರ್ಯಾಂಡ್ ಮತ್ತು ದರ್ಜೆ ಇರಬೇಕು. ಮಧ್ಯೆ ಒಮ್ಮೆಯೂ ಬೇರೆ ಕಂಪನಿಯ ಆಯಿಲ್ ಬಿದ್ದಿರಬಾರದು, ಗಡುವು ತಪ್ಪಿರಬಾರದು. ಮನೆಯಲ್ಲೇ ಆಯಿಲ್ ಬದಲಿಸುವವರಿಗೆ ಇನ್ನೂ ಕಷ್ಟ. ಡಬ್ಬಿ ಕೊಂಡ ಬಿಲ್ ಇರುತ್ತದೆ. ಅದೇ ಡಬ್ಬಿಯ ಆಯಿಲ್ ಅದೇ ಎಂಜಿನ್ನಿಗೆ ಹೋಯಿತು ಎನ್ನಲು ಸ್ವಂತ ಡೈರಿಯೇ ಸಾಕ್ಷಿ. ಅಂಗಡಿಗಳ ಬಿಲ್ ಕಾಗದ ಶಾಖಕ್ಕೆ ಮುದ್ರಣವಾಗುವಂಥದ್ದು, ಎರಡು ಬೇಸಗೆ ಕಳೆಯುವಷ್ಟರಲ್ಲಿ ಅಕ್ಷರ ಮಾಸುತ್ತದೆ. 15 ವರ್ಷ ಇಡಬೇಕಾದ ದಾಖಲೆ ಅದು.

ನನ್ನ ಕಥೆಗೆ ಬರುತ್ತೇನೆ. ಕಂಪನಿಯ ಹೆಸರು ಬೇಡ, ಇಂಥ ಷರತ್ತುಗಳು ಒಬ್ಬರವು ಮಾತ್ರ ಅಲ್ಲ. ಗಾಡಿ ಕೊಂಡ ಎರಡನೆಯ ವರ್ಷ ಹೆಸರು ಬರೆಸಿದೆ. ರಸೀದಿಗಳನ್ನೆಲ್ಲ ಹೆಂಡತಿ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಜೋಡಿಸಿಡುತ್ತಿದ್ದಳು, ಒಂದೂ ತಪ್ಪದೆ. 1,41,000 ಮೈಲಿಯಲ್ಲಿ, ಜುಲೈ ತಿಂಗಳ ಒಂದು ಮಧ್ಯಾಹ್ನ ಹೆದ್ದಾರಿಯಲ್ಲಿ ಎಂಜಿನ್ ನಿಂತಿತು. ಬಿಚ್ಚಿದಾಗ ಎರಡು ಬೇರಿಂಗ್ ಹಾಳಾಗಿದ್ದವು. ಬೇರಿಂಗ್ ಎಂದರೆ ಆಯಿಲ್ ಹರಿಯುವ ಭಾಗವೇ ತಾನೆ! ಡಬ್ಬ ಸಮೇತ ಕ್ಲೇಮ್ ಹಾಕಿದೆವು. ಏಳು ವಾರದ ಮೇಲೆ ಉತ್ತರ ಬಂತು: ವಾಟರ್ ಪಂಪ್ ಸೋರಿ ಎಂಜಿನ್ ಕಾದಿದೆ, ಕಾದದ್ದರಿಂದ ಆಯಿಲ್ ತೆಳುವಾಗಿದೆ, ಆದ್ದರಿಂದ ಇದು ಆಯಿಲಿನ ದೋಷವಲ್ಲ. ಎಂಜಿನ್ ಬಿಚ್ಚಿಸಿದ ಖರ್ಚೂ ನಮ್ಮದೇ. ಅವತ್ತು ಬಹಳ ನೋವಾಗಿತ್ತು. ನಮ್ಮ ಮೆಕ್ಯಾನಿಕ್, ಮೆಕ್ಸಿಕೊ ಮೂಲದ ಹಿರಿಯರು, ವಾಟರ್ ಪಂಪನ್ನು ಕೈಯಲ್ಲಿ ಹಿಡಿದು ತೋರಿಸಿ, ಅವರು ಬರೆದದ್ದು ಸರಿ ಎಂದರು. ಸರಿಯೇ ಇತ್ತು. ನನ್ನನ್ನು ಈ ವಿಷಯದ ಹಿಂದೆ ಬೀಳುವಂತೆ ಮಾಡಿದ್ದು ಆ ಉತ್ತರ ಸರಿಯಾಗಿತ್ತು ಎಂಬುದೇ.

ಎಂಜಿನ್ ಯಾತರಿಂದ ಸಾಯುತ್ತದೆ? ಯಾವ ಗ್ಯಾರೇಜಿನಲ್ಲಿ ಕೇಳಿದರೂ ಪಟ್ಟಿ ಒಂದೇ: ಟೈಮಿಂಗ್ ಬೆಲ್ಟ್ ಕಡಿಯುವುದು, ಕೂಲಂಟ್ ಸೋರಿ ಕಾಯುವುದು, ಹೆಡ್ ಗ್ಯಾಸ್ಕೆಟ್ ಸುಡುವುದು, ಎಂಜಿನ್ ಆಯಿಲ್ ಕುಡಿಯುತ್ತಿದ್ದರೂ ಮಟ್ಟ ಅಳೆಯುವ ಕಡ್ಡಿ ತೆಗೆದು ನೋಡದೆ ಓಡಿಸುವುದು, ಡ್ರೈನ್ ಬೋಲ್ಟ್ ಸಡಿಲ ಬಿಟ್ಟದ್ದು, ವರ್ಷಗಟ್ಟಲೆ ಆಯಿಲ್ ಬದಲಿಸದೆ ಒಳಗೆ ಕೆಸರು ಕಟ್ಟಿದ್ದು, ಕಾರ್ಖಾನೆಯಲ್ಲೇ ಉಳಿದ ದೋಷ. ಇದರಲ್ಲಿ "ಸರಿಯಾದ ದರ್ಜೆಯ ಹೊಸ ಆಯಿಲ್ ಸಕಾಲಕ್ಕೆ ಹಾಕಿದ್ದರೂ ಆ ಆಯಿಲೇ ಕೈಕೊಟ್ಟಿತು" ಎಂಬ ಸಾಲು ಇಲ್ಲ. ಆಯಿಲ್ ಕಂಪನಿಯ ವಾರಂಟಿ ಕೊಡುವುದು ಸರಿಯಾಗಿ ಆ ಒಂದೇ ಸಾಲಿಗೆ.

ಆಯಿಲ್ ಕೈಕೊಡುವುದು ಎಷ್ಟು ಅಪರೂಪ ಎಂಬುದಕ್ಕೆ ಒಂದು ಒಳ್ಳೆಯ ಪರೀಕ್ಷೆ ಇದೆ. ಜಾಹೀರಾತು ತೆಗೆದುಕೊಳ್ಳದ ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ 1990ರ ದಶಕದಲ್ಲಿ ನ್ಯೂಯಾರ್ಕ್ ನಗರದ 75 ಟ್ಯಾಕ್ಸಿಗಳಿಗೆ ಹೊಸದಾಗಿ ಕಟ್ಟಿದ ಎಂಜಿನ್ ಕೂರಿಸಿ, ಬೇರೆ ಬೇರೆ ಬ್ರ್ಯಾಂಡಿನ ಆಯಿಲ್ ಹಾಕಿ, ಒಂದೊಂದನ್ನೂ 60,000 ಮೈಲಿ ಓಡಿಸಿತು. ಆಮೇಲೆ ಎಂಜಿನ್ನುಗಳನ್ನು ಬಿಚ್ಚಿ ಸವೆತವನ್ನು ಅಳೆದರು. 1996ರ ಜುಲೈ ಸಂಚಿಕೆಯಲ್ಲಿ ಫಲಿತಾಂಶ ಬಂತು: ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮೂರು ಸಾವಿರ ಮೈಲಿಗೆ ಬದಲಿಸಿದ್ದಕ್ಕೂ ಆರು ಸಾವಿರಕ್ಕೆ ಬದಲಿಸಿದ್ದಕ್ಕೂ ಇರಲಿಲ್ಲ. ಟ್ಯಾಕ್ಸಿಯ ಎಂಜಿನ್ ಆರುವುದೇ ಕಡಿಮೆ, ಚಳಿಯಲ್ಲಿ ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವಾಗಿನ ಸವೆತ ಅಲ್ಲಿ ಅಷ್ಟಾಗಿ ಕಾಣದು ಎಂಬ ಆಕ್ಷೇಪ ನಿಜವೇ. ಆದರೂ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ, ಅಂದರೆ ಎಪಿಐ, ದರ್ಜೆ ಪಡೆದ ಆಯಿಲ್ ಸಾಧಾರಣ ಬಳಕೆಯಲ್ಲಿ ಎಂಜಿನ್ನನ್ನು ಕಾಯುತ್ತದೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಎಲ್ಲ ಕಂಪನಿಯ ಆಯಿಲೂ ಕಾಯುತ್ತದೆ ಎಂದಾದರೆ, ಅದು ಕಾಯದಿದ್ದಾಗ ದುಡ್ಡು ಕೊಡುತ್ತೇನೆ ಎನ್ನುವವನು ಕೊಡಬೇಕಾಗಿ ಬರುವುದು ಎಷ್ಟು ಸಲ?

ಎಂಜಿನ್ನುಗಳು ಗುಂಪಾಗಿ ಕೆಟ್ಟ ಪ್ರಕರಣಗಳನ್ನು ನೋಡಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. 1997ರಿಂದ 2002ರವರೆಗಿನ ಕೆಲವು ಟೊಯೊಟಾ ಎಂಜಿನ್ನುಗಳಲ್ಲಿ ಆಯಿಲ್ ಜಿಗುಟಾಗಿ ಕೆಸರುಗಟ್ಟುತ್ತಿತ್ತು. 2002ರಲ್ಲಿ ಟೊಯೊಟಾ ಸುಮಾರು 33 ಲಕ್ಷ ಗಾಡಿಗಳಿಗೆ ಅನ್ವಯವಾಗುವ ರಿಪೇರಿ ಯೋಜನೆ ಪ್ರಕಟಿಸಿತು. 2007ರಲ್ಲಿ ಸಾಮೂಹಿಕ ಮೊಕದ್ದಮೆಯೂ ರಾಜಿಯಾಯಿತು. ಫೋಕ್ಸ್‌ವ್ಯಾಗನ್‌ನ 1.8 ಲೀಟರ್ ಟರ್ಬೊ ಎಂಜಿನ್ನುಗಳಲ್ಲೂ ಇದೇ ಕೆಸರು, 2004ರಲ್ಲಿ ವಾರಂಟಿಯನ್ನು ಎಂಟು ವರ್ಷಕ್ಕೆ ಹಿಗ್ಗಿಸಿದರು. ಹ್ಯುಂಡೈನ ಥೀಟಾ 2 ಎಂಜಿನ್ನುಗಳಲ್ಲಿ ಬೇರಿಂಗ್ ಹೋಗುತ್ತಿದ್ದುದಕ್ಕೆ ಕಾರಣ ತಯಾರಿಕೆಯ ವೇಳೆ ಒಳಗೆ ಉಳಿದ ಲೋಹದ ಚೂರು. 2015ರಿಂದ ರೀಕಾಲ್ ಶುರುವಾಗಿ, 2019ರ ರಾಜಿಯಲ್ಲಿ ಹ್ಯುಂಡೈ ಮತ್ತು ಕಿಯಾ ಆ ಎಂಜಿನ್ನಿನ ಕೆಳಭಾಗಕ್ಕೆ ಜೀವಿತಾವಧಿ ವಾರಂಟಿ ಕೊಟ್ಟವು. ಮೂರೂ ಕಡೆ ಹಾಳಾದದ್ದು ಆಯಿಲ್ ಹರಿಯುವ ಭಾಗ. ಮೂರೂ ಕಡೆ ಹೊಣೆ ಹೊತ್ತದ್ದು ಕಾರು ಮಾಡಿದವರು. ಆ ಗಾಡಿಗಳಲ್ಲಿ ಯಾವ್ಯಾವುದೋ ಪ್ರಸಿದ್ಧ ಬ್ರ್ಯಾಂಡಿನ ಆಯಿಲ್ ಇದ್ದೇ ಇತ್ತು. ಆದರೆ ಆಯಿಲ್ ಕಂಪನಿಯ ಷರತ್ತಿನ ಭಾಷೆಯಲ್ಲಿ ಅದು ಎಂಜಿನ್ ವಿನ್ಯಾಸದ ಅಥವಾ ತಯಾರಿಕೆಯ ದೋಷ.

ಹಾಗಾದರೆ ಆಯಿಲೇ ಕೆಟ್ಟದ್ದಾಗಿರುವ ಪ್ರಸಂಗವೇ ಇಲ್ಲವೆ? ಇದೆ. ಡಾಲರ್ ಜನರಲ್ ಎಂಬ ಅಗ್ಗದ ಅಂಗಡಿ ಸರಣಿ ಕಾಲ ಮೀರಿದ ದರ್ಜೆಯ ಆಯಿಲನ್ನು ತನ್ನದೇ ಹೆಸರಿನಲ್ಲಿ ಮಾರುತ್ತಿತ್ತು. ಕೆಲವು ಡಬ್ಬಿಗಳ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ 1988ರ ನಂತರದ ಎಂಜಿನ್ನಿಗೆ ತಕ್ಕದ್ದಲ್ಲ ಎಂದಿತ್ತು, ಒಂದರಲ್ಲಿ 1930ರ ನಂತರದ್ದಕ್ಕೆ ತಕ್ಕದ್ದಲ್ಲ ಎಂದೇ ಇತ್ತು! ಗ್ರಾಹಕರು ಕೋರ್ಟಿಗೆ ಹೋದರು. ಕಂಪನಿ ತಪ್ಪೊಪ್ಪದೆಯೇ 2021ರಲ್ಲಿ ಸುಮಾರು 2.85 ಕೋಟಿ ಡಾಲರಿನ ರಾಜಿಗೆ ಬಂತು. ಅಲ್ಲಿ ಹಣ ಹೊರಬಂದದ್ದು ಯಾವ ಮೈಲಿ ವಾರಂಟಿಯಿಂದಲೂ ಅಲ್ಲ, ಮೊಕದ್ದಮೆಯಿಂದ. ಅದಕ್ಕೂ ಹಿಂದೆ, ಒಮ್ಮೆ ಹಾಕಿದರೆ 50,000 ಮೈಲಿ ಎಂಜಿನ್ನನ್ನು ಕಾಯುತ್ತದೆ ಎನ್ನುತ್ತಿದ್ದ ಸ್ಲಿಕ್ 50 ಎಂಬ ಮಿಶ್ರಣದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಕೈಗೊಂಡಿತು. ಆಗ ಕ್ವೇಕರ್ ಸ್ಟೇಟ್ ಎಂಬ ಆಯಿಲ್ ಕಂಪನಿಯ ಒಡೆತನದಲ್ಲಿದ್ದ ಆ ಸಂಸ್ಥೆ 1997ರಲ್ಲಿ ಕನಿಷ್ಠ ಒಂದು ಕೋಟಿ ಡಾಲರ್ ಮೌಲ್ಯದ ಪರಿಹಾರಕ್ಕೆ ಒಪ್ಪಿತು. ಅಲ್ಲಿಯೂ ಜೇಬು ಬಿಚ್ಚಿಸಿದ್ದು ವಾರಂಟಿಯಲ್ಲ, ಸರ್ಕಾರಿ ಸಂಸ್ಥೆ.

ಈಗ ದೂರ ಓಡಿಸಿದವರಿಗೆ ಸಿಕ್ಕ ಉಡುಗೊರೆಗಳ ಮಾತು. ಈ ಭಾಗವನ್ನು ಓದುವಾಗ ಖುಷಿಯಾಗುತ್ತದೆ, ಏಕೆಂದರೆ ಇಲ್ಲಿ ಕೊಟ್ಟದ್ದು ಕಣ್ಣಿಗೆ ಕಾಣುತ್ತದೆ. ಲಾಂಗ್ ಐಲ್ಯಾಂಡಿನ ವಿಜ್ಞಾನದ ಮೇಷ್ಟ್ರು ಇರ್ವ್ ಗಾರ್ಡನ್ 1966ರಲ್ಲಿ ಕೊಂಡ ವೋಲ್ವೊ ಪಿ1800 ಕಾರನ್ನು 2013ರಲ್ಲಿ ಅಲಾಸ್ಕಾದಲ್ಲಿ 30 ಲಕ್ಷ ಮೈಲಿ ದಾಟಿಸಿದರು. ಹತ್ತು ಲಕ್ಷವಾದಾಗ ಒಂದು, ಇಪ್ಪತ್ತು ಲಕ್ಷವಾದಾಗ ಇನ್ನೊಂದು ಹೊಸ ಕಾರನ್ನು ವೋಲ್ವೊ ಅವರಿಗೆ ಕೊಟ್ಟಿತ್ತು. ಗ್ರೀಸಿನ ಟ್ಯಾಕ್ಸಿ ಚಾಲಕ ಗ್ರೆಗೋರಿಯೊಸ್ ಸಖಿನಿಡಿಸ್ ತಮ್ಮ 1976ರ ಮರ್ಸಿಡಿಸ್ 240ಡಿ ಕಾರನ್ನು 46 ಲಕ್ಷ ಕಿಲೋಮೀಟರ್ ಓಡಿಸಿ 2004ರಲ್ಲಿ ಕಂಪನಿಯ ಸಂಗ್ರಹಾಲಯಕ್ಕೆ ಒಪ್ಪಿಸಿದಾಗ ಬದಲಿಗೆ ಹೊಸ ಸಿ-ಕ್ಲಾಸ್ ಸಿಕ್ಕಿತು. ಮೇನ್ ರಾಜ್ಯದ ಜೋ ಲೊಸಿಸೆರೊ ಅವರ 1990ರ ಅಕಾರ್ಡ್ ಹತ್ತು ಲಕ್ಷ ಮೈಲಿ ಮುಟ್ಟಿದಾಗ, 2011ರಲ್ಲಿ, ಹೋಂಡಾ ಮೆರವಣಿಗೆ ಮಾಡಿಸಿ ಹೊಸ ಅಕಾರ್ಡ್ ಕೊಟ್ಟಿತು. ಲೂಸಿಯಾನಾದ ವಿಕ್ಟರ್ ಶೆಪ್ಪರ್ಡ್ 2007ರ ಟಂಡ್ರಾ ಟ್ರಕ್ಕನ್ನು ಒಂಬತ್ತು ವರ್ಷದಲ್ಲಿ ಹತ್ತು ಲಕ್ಷ ಮೈಲಿ ಓಡಿಸಿದಾಗ ಟೊಯೊಟಾ ಅದನ್ನು ಬಿಚ್ಚಿ ಅಧ್ಯಯನ ಮಾಡಲು ತೆಗೆದುಕೊಂಡು ಹೊಸದನ್ನು ಕೊಟ್ಟಿತು. ಕಾನ್ಸಾಸ್‌ನ ಡೆಲಿವರಿ ಚಾಲಕಿ ಫಾರಾ ಹೇನ್ಸ್ ಅವರ 2013ರ ಎಲಾಂಟ್ರಾ ಐದೇ ವರ್ಷಕ್ಕೆ ಹತ್ತು ಲಕ್ಷ ಮುಟ್ಟಿತು. ಓಡೋಮೀಟರ್ 999,999ಕ್ಕೇ ನಿಂತಿತ್ತು, ಅದರ ಪಕ್ಕ ಅಂಟಿಸಲೆಂದು ಹ್ಯುಂಡೈ ಹೊಸ ಲಾಂಛನವನ್ನೇ ಮಾಡಿಸಿ, ಹೊಸ ಕಾರನ್ನೂ ಕೊಟ್ಟಿತು.

ಇವರಲ್ಲಿ ಯಾರಿಗೂ ಕೊಳ್ಳುವಾಗ ಹೀಗೆ ಕೊಡುತ್ತೇವೆ ಎಂದು ಯಾರೂ ಬರೆದುಕೊಟ್ಟಿರಲಿಲ್ಲ. ಕೊಟ್ಟವರು ಆಯಿಲ್ ಕಂಪನಿಯವರೂ ಅಲ್ಲ. ಎಂಜಿನ್ ಅಷ್ಟು ದೂರ ಓಡಿದ್ದು ಕಾರು ಕಂಪನಿಗೆ ಹೆಮ್ಮೆಯ ಸುದ್ದಿ, ಅದಕ್ಕೆ ಒಂದು ಕಾರಿನ ಬೆಲೆ ದುಬಾರಿಯಲ್ಲ. ಆಯಿಲ್ ಕಂಪನಿಯ ವಾರಂಟಿಯಲ್ಲಿ ಹಣ ಕೊಡಬೇಕಾಗುವುದು ಎಂಜಿನ್ ಸತ್ತಾಗ, ತನ್ನ ಆಯಿಲ್ ಸೋತಿತು ಎಂದು ತಾನೇ ಒಪ್ಪಿಕೊಂಡಾಗ. ಎರಡಕ್ಕೂ ಮನಸ್ಸು ಒಂದೇ ರೀತಿ ಓಡುವುದಿಲ್ಲ.

ಭಾರತದಲ್ಲಿ ಈ ವ್ಯಾಪಾರದ ದಾರಿ ಬೇರೆ. ನಮ್ಮಲ್ಲಿ ಆಯಿಲ್ ಆಯ್ಕೆ ಮಾಡುವವರು ಹೆಚ್ಚಿನಂಶ ಮೆಕ್ಯಾನಿಕ್ಕುಗಳು. ಅದಕ್ಕೇ ಡಬ್ಬಿಯೊಳಗಿನ ಕೂಪನ್ನು, ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಪಾಯಿಂಟು ಎಲ್ಲ ಗ್ಯಾರೇಜಿನವರ ಕೈಗೆ ಹೋಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯವರನ್ನು ಕೇಳಿದರೆ ವಿವರವಾಗಿ ಹೇಳುತ್ತಾರೆ. ಗಾಡಿಯ ಮಾಲೀಕನಿಗೆ ಲಕ್ಷಗಟ್ಟಲೆ ಮೈಲಿಯ ಮಾತು ಕೊಡುವ ಚಾಳಿ ಅಮೆರಿಕದ್ದು. ಅಲ್ಲಿ ಮನೆಯ ಅಂಗಳದಲ್ಲೇ ಆಯಿಲ್ ಬದಲಿಸುವವರು, ಡಬ್ಬಿಯನ್ನು ತಾವೇ ಆರಿಸುವವರು ಬಹಳ.

ಕಾನೂನು ಏನೆನ್ನುತ್ತದೆ ಎಂಬುದನ್ನೂ ನೋಡಬೇಕು. ಅಮೆರಿಕದಲ್ಲಿ 1975ರಿಂದ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯಿದೆ ಇದೆ. ಬರೆದುಕೊಟ್ಟ ವಾರಂಟಿ ಪೂರ್ಣವೋ ಸೀಮಿತವೋ ಎಂದು ತಲೆಬರಹದಲ್ಲೇ ಹೇಳಬೇಕು, ಷರತ್ತುಗಳು ಸರಳ ಭಾಷೆಯಲ್ಲಿರಬೇಕು, ಕೊಳ್ಳುವ ಮೊದಲೇ ಓದಲು ಸಿಗಬೇಕು. ಗ್ರಾಹಕ ಗೆದ್ದರೆ ವಕೀಲರ ಶುಲ್ಕವನ್ನೂ ಎದುರುಪಕ್ಷದಿಂದ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ಆದ್ದರಿಂದ ಈ ವಾರಂಟಿಗಳು ಗಾಳಿಮಾತಲ್ಲ, ಅವು ಕರಾರುಗಳು. ಷರತ್ತು ಪೂರೈಸಿದವನಿಗೆ ಕೊಡಲೇಬೇಕು. ಮೋಸ ಎಂಬ ಪದ ನಾನು ಬಳಸುವುದಿಲ್ಲ. ನನ್ನ ತಕರಾರು ಬೇರೆ: ಎಷ್ಟು ಕ್ಲೇಮ್ ಬಂದವು, ಎಷ್ಟಕ್ಕೆ ಹಣ ಕೊಟ್ಟೆವು ಎಂಬ ಲೆಕ್ಕವನ್ನು ಆಯಿಲ್ ಕಂಪನಿಗಳು ಜನರ ಮುಂದಿಡುವುದಿಲ್ಲ. ಕಾರು ಕಂಪನಿಗಳ ವಾರ್ಷಿಕ ವರದಿಯಲ್ಲಿ ವಾರಂಟಿಗೆಂದು ತೆಗೆದಿಟ್ಟ ಹಣ, ಕೊಟ್ಟ ಹಣ ಎರಡೂ ಇರುತ್ತವೆ. ಫೋರ್ಡ್, ಜನರಲ್ ಮೋಟರ್ಸ್ ವರ್ಷಕ್ಕೆ ನೂರಾರು ಕೋಟಿ ಡಾಲರ್ ಕೊಟ್ಟದ್ದು ಯಾರು ಬೇಕಾದರೂ ಓದಬಹುದು. ಡಬ್ಬಿಯ ಮುಖದ ಮೇಲೆ 5,00,000 ಎಂದು ದೊಡ್ಡದಾಗಿ ಅಚ್ಚು ಹಾಕುವವರು ಕಳೆದ ವರ್ಷ ಎಷ್ಟು ಎಂಜಿನ್ನಿಗೆ ಹಣ ಕೊಟ್ಟೆವು ಎಂಬ ಒಂದು ಅಂಕಿಯನ್ನು ಹಿಂಭಾಗದಲ್ಲಾದರೂ ಹಾಕಲಿ. ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಕಡ್ಡಾಯ ಮಾಡಬೇಕು.

ಅದೇ ಕಾಯಿದೆಯ ಇನ್ನೊಂದು ಕಲಂ ಅಲ್ಲಿರುವ ನಮ್ಮ ಹುಡುಗರಿಗೆ ಗೊತ್ತಿರಬೇಕು. ಇಂಥದೇ ಬ್ರ್ಯಾಂಡಿನ ಆಯಿಲ್ ಹಾಕಿದರೆ ಮಾತ್ರ ಕಾರಿನ ವಾರಂಟಿ ಎಂದು, ಆ ಆಯಿಲನ್ನು ಪುಕ್ಕಟೆ ಕೊಡದ ಹೊರತು, ಕಾರು ಕಂಪನಿ ಸಾಮಾನ್ಯವಾಗಿ ಷರತ್ತು ಹಾಕುವಂತಿಲ್ಲ. ಕೈಪಿಡಿಯಲ್ಲಿ ಹೇಳಿದ ದರ್ಜೆ, ಸ್ನಿಗ್ಧತೆಯ ಅಂಕಿ ಹೊಂದಿದರೆ ಸಾಕು. ಡೀಲರ್ ಬೇರೆ ಹೇಳಿ ಹೆದರಿಸಿದರೆ ಹೆದರಬೇಕಿಲ್ಲ.

ಅಣ್ಣನ ಮಗನಿಗೆ ಕೊನೆಗೆ ಹೇಳಿದ್ದು ಇದು. ವಾರಂಟಿಯ ಆಸೆಗೆ ಆರು ಡಾಲರ್ ಹೆಚ್ಚು ಕೊಡಬೇಡ. ಆಯಿಲ್ ಇಷ್ಟವಾದರೆ ಕೊಳ್ಳು, ಅದು ಒಳ್ಳೆಯ ಆಯಿಲೇ. ಎಪಿಐ ಗುರುತು ನೋಡು, ಕೈಪಿಡಿಯ ಅಂಕಿ ನೋಡು. ಎರಡು ವಾರಕ್ಕೊಮ್ಮೆ ಕಡ್ಡಿ ತೆಗೆದು ಮಟ್ಟ ನೋಡು, ಹಳೆಯ ಎಂಜಿನ್ ಕುಡಿಯುತ್ತದೆ. ಕೂಲಂಟ್ ಕಡಿಮೆಯಾಗುತ್ತಿದ್ದರೆ ಅದೇ ವಾರ ಗ್ಯಾರೇಜಿಗೆ ಹೋಗು. ಎಂಜಿನ್ನಿನ ಒಳಗಿನ ಸ್ಥಿತಿ ತಿಳಿಯಬೇಕೆಂದರೆ ಬಳಸಿದ ಆಯಿಲನ್ನು ಸ್ವಲ್ಪ ಬಾಟಲಿಗೆ ತುಂಬಿ ಇಂಡಿಯಾನಾದ ಬ್ಲ್ಯಾಕ್‌ಸ್ಟೋನ್‌ನಂಥ ಪ್ರಯೋಗಾಲಯಕ್ಕೆ ಕಳಿಸು. ಅದರಲ್ಲಿರುವ ಲೋಹದ ಪ್ರಮಾಣ, ಕೂಲಂಟ್ ಸೇರಿದೆಯೆ ಇಲ್ಲವೆ ಎಂಬುದನ್ನು ಬರೆದು ಕಳಿಸುತ್ತಾರೆ. ನಾನು ಹಾಗೆ ಕಳಿಸಿದ್ದಿದ್ದರೆ ನಮ್ಮ ವಾಟರ್ ಪಂಪ್ ಉಳಿಯುತ್ತಿರಲಿಲ್ಲ, ಆದರೆ ರೇಡಿಯೇಟರಿನ ಪಕ್ಕ ಕಂಡ ಹಸಿರು ಕಲೆಯನ್ನು ಆ ಏಪ್ರಿಲ್‌ನಲ್ಲೇ ಮೆಕ್ಯಾನಿಕ್ಕಿಗೆ ತೋರಿಸಿದ್ದಿದ್ದರೆ ಎಂಜಿನ್ ಉಳಿಯುತ್ತಿತ್ತು.

ರಸೀದಿಗಳನ್ನು ಮಾತ್ರ ಎಸೆಯಬೇಡಿ. ಬಂದ ದಿನವೇ ಫೋನಿನಲ್ಲಿ ಫೋಟೊ ತೆಗೆದಿಡಿ, ಪಕ್ಕದಲ್ಲಿ ಓಡೋಮೀಟರಿನ ಫೋಟೊ ಇರಲಿ. ಆಯಿಲ್ ಕಂಪನಿಗೆ ತೋರಿಸುವ ಪ್ರಸಂಗ ಬಹುಶಃ ಬರಲಾರದು. ಕಾರು ಕಂಪನಿಗೆ ತೋರಿಸಬೇಕಾದೀತು. ಎಂಜಿನ್ ವಾರಂಟಿಯ ತಕರಾರು ಎದ್ದಾಗ ಅವರು ಮೊದಲು ಕೇಳುವ ಕಾಗದ ಅದೇ.